ಒಂದೊಂದು ಮೈಗೂ ಒಂದೊಂದು ಅಳತೆ

ದೇಹದ ಚಿತ್ರಗಳ ಬಗ್ಗೆ ಮಾತಾಡಬೇಕಾದರೆ ನಾನು ಅಳತೆಯಿಂದಲೇ ಶುರುಮಾಡಬೇಕು. ಚಿತ್ರಕಲೆ ಕಲಿಯಲು ಹೋದವರ ಕಿವಿಗೆ ಮೊದಲ ಕೆಲವು ವಾರಗಳಲ್ಲೇ ಬೀಳುವ ಲೆಕ್ಕವಿದು: ನೆತ್ತಿಯಿಂದ ಗದ್ದದವರೆಗಿನ ಉದ್ದವನ್ನು ಒಂದು ತಲೆ ಎಂದು ಇಟ್ಟುಕೊಂಡರೆ ನಿಂತ ಮನುಷ್ಯ ಏಳೂವರೆ ತಲೆ ಎತ್ತರ. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಜಾರಿಸುತ್ತಾ ಅಳೆಯುತ್ತೇವೆ. ಭವ್ಯವಾಗಿ ಕಾಣಬೇಕೆಂದರೆ ಎಂಟು ತಲೆ. ಫ್ಯಾಷನ್ ರೇಖಾಚಿತ್ರಗಳಲ್ಲಂತೂ ಅದು ಒಂಬತ್ತಕ್ಕೇರುತ್ತದೆ. ಈಗ ನಿಮ್ಮನ್ನೆಲ್ಲ ಎದ್ದು ನಿಲ್ಲಿಸಿ ನಾನು ಪೆನ್ಸಿಲ್ ಹಿಡಿದರೆ ಕೆಲವರು ಏಳು, ಕೆಲವರು ಏಳೂಕಾಲು, ಇನ್ನು ಕೆಲವರು ಆರೂವರೆ ಬರುತ್ತೀರಿ. ಒಂಬತ್ತು ತಲೆಯವರು ಮಾತ್ರ ಯಾರೂ ಸಿಗಲಾರರು.

ಅಳತೆಯನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅಳತೆ ತಿಳಿಯದವರಿಗೆ ಅದು ಎಲ್ಲಿ ಮುರಿಯುತ್ತದೆ ಎನ್ನುವುದೂ ಕಾಣುವುದಿಲ್ಲ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲೇ ತಲೆ ಎಂದರೆ ಎತ್ತರದ ಎಂಟನೇ ಒಂದು ಪಾಲು ಎಂದು ಬರೆದಿಟ್ಟ. ಸುಮಾರು 1490ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಅಂಥದೇ ಲೆಕ್ಕಗಳನ್ನು ವೃತ್ತ ಮತ್ತು ಚೌಕದೊಳಗೆ ಕೈಕಾಲು ಚಾಚಿ ನಿಂತ ಗಂಡಸನ್ನಾಗಿ ಬಿಡಿಸಿದ. ಆ ಚಿತ್ರ ಈಗ ಟೀ ಶರ್ಟುಗಳ ಮೇಲೂ ಇದೆ, ನೀವೆಲ್ಲ ನೋಡಿದ್ದೀರಿ.

ನಮ್ಮ ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಗೆ ಮೀಸಲಾದ ಚಿತ್ರಸೂತ್ರ ಎಂಬ ಭಾಗ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಅದು ಗಂಡಸರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯಾಗಿ ವಿಂಗಡಿಸಿ ಕ್ರಮವಾಗಿ 108, 106, 104, 100, 90 ಅಂಗುಲ ಎತ್ತರ ಹೇಳುತ್ತದೆ. ಆ ಅಂಗುಲ ಎಲ್ಲರಿಗೂ ಒಂದೇ ಅಲ್ಲ, ಅವರವರ ಬೆರಳಿನದು. ಅಳೆಯುವ ಕೋಲನ್ನು ಅಳೆಸಿಕೊಳ್ಳುವವನ ಮೈಯಿಂದಲೇ ತೆಗೆದುಕೊಳ್ಳುವ ಈ ಬುದ್ಧಿ ನನಗೆ ಬಹಳ ಹಿಡಿಸುತ್ತದೆ. ಶಿಲ್ಪಿಗಳನ್ನು ಕೇಳಿ, ಅವರು ತಾಳದ ಲೆಕ್ಕ, ಅಂದರೆ ಮುಖದ ಉದ್ದವನ್ನೇ ಅಳತೆಗೋಲು ಮಾಡಿಕೊಂಡ ಲೆಕ್ಕ ಹೇಳುತ್ತಾರೆ. ದೊಡ್ಡ ದೇವರುಗಳಿಗೆ ಹತ್ತು, ಒಂಬತ್ತು ತಾಳ. ಗಣಪತಿಗೆ ಐದು. ಆ ಐದು ತಾಳದ ಡೊಳ್ಳುಹೊಟ್ಟೆಯನ್ನು ನೋಡಿ ಪ್ರಮಾಣ ತಪ್ಪಿದೆ ಎಂದವರನ್ನು ನಾನಿನ್ನೂ ಕಂಡಿಲ್ಲ.

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪರಿಪೂರ್ಣ ದೇಹದ ಸೂತ್ರವನ್ನು ಕಂಡುಹಿಡಿದೇ ತೀರುತ್ತೇನೆ ಎಂದು ಹೊರಟವನು ಅವನು. ವರ್ಷಗಟ್ಟಲೆ ಜನರನ್ನು ಅಳೆದ. ಕೊನೆಗೆ, 1528ರಲ್ಲಿ ಅವನು ತೀರಿಕೊಂಡ ಕೆಲವೇ ತಿಂಗಳಿಗೆ ಅಚ್ಚಾದ ಮಾನವ ಪ್ರಮಾಣದ ಗ್ರಂಥದಲ್ಲಿ ಇದ್ದದ್ದು ಒಂದು ದೇಹವಲ್ಲ. ಗಿಡ್ಡನೆಯ ದಪ್ಪ ರೈತನಿಂದ ಹಿಡಿದು ಬಳುಕುವ ಸಣಕಲು ಮೈಯವರೆಗೆ, ಗಂಡೂ ಹೆಣ್ಣೂ ಸೇರಿ ಹತ್ತಾರು ಮಾದರಿಗಳು. ಸೌಂದರ್ಯ ಎಂದರೆ ಏನೆಂದು ತನಗೆ ಗೊತ್ತಿಲ್ಲ ಎಂದು ಅವನೇ ಬರೆದುಕೊಂಡ. ಯುರೋಪಿನ ಅಷ್ಟು ದೊಡ್ಡ ಗೆರೆಗಾರ ಹಾಗೆ ಹೇಳಿದ ಮೇಲೆ ನನಗೆ ಧೈರ್ಯ ಬಂತು.

ಈಗ ನನ್ನ ಕಥೆಗೆ ಬರುತ್ತೇನೆ. ಕಲಾಶಾಲೆಯಲ್ಲಿ ನಾವು ಮೊದಲು ಬಿಡಿಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗ್ರೀಕ್ ಮುಖಗಳನ್ನು. ಬೆಳ್ಳಗಿನ ಕಣ್ಣು, ನೆಟ್ಟನೆಯ ಮೂಗು, ಒಂದು ಮಚ್ಚೆಯೂ ಇಲ್ಲ. ಆಮೇಲೆ ಜೀವಂತ ರೂಪದರ್ಶಿಗಳು ಬಂದರು. ಆದರೆ ಕಣ್ಣು ಅಷ್ಟರಲ್ಲಿ ಪ್ಲಾಸ್ಟರಿಗೆ ಒಗ್ಗಿಹೋಗಿತ್ತು. ಎದುರು ಕುಳಿತವರ ಬಾಗಿದ ಬೆನ್ನನ್ನು ಕೈ ತಾನಾಗಿಯೇ ನೆಟ್ಟಗೆ ಮಾಡಿಬಿಡುತ್ತಿತ್ತು. ಇದು ನನ್ನೊಬ್ಬಳ ಪಾಡಲ್ಲ. ಆ ತರಗತಿಯ ಹಳೆಯ ಹಾಳೆಗಳನ್ನು ಸಾಲಾಗಿ ಹರಡಿದರೆ ಬೇರೆ ಬೇರೆ ರೂಪದರ್ಶಿಗಳೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ.

ಕಲಿಕೆ ಮುಗಿದ ಮೇಲೆ ಭಾವಚಿತ್ರ ಬರೆದು ಹೊಟ್ಟೆ ಹೊರೆದೆ. ಆ ಕಸುಬಿನಲ್ಲಿ ಗಿರಾಕಿಗಳ ಬೇಡಿಕೆ ಬಾಯಿಪಾಠವಾಗಿಬಿಡುತ್ತದೆ: ಬಣ್ಣ ಸ್ವಲ್ಪ ತಿಳಿಯಾಗಲಿ, ಗದ್ದದ ಕೆಳಗಿನ ಜೋಲು ಬೇಡ, ಮಾಲುಗಣ್ಣು ನೇರವಾಗಲಿ, ಅಜ್ಜನ ಬೊಕ್ಕತಲೆಗೆ ನಾಲ್ಕು ಕೂದಲು ಬರಲಿ. ಇದನ್ನೆಲ್ಲ ಮಾಡುವುದು ಕಷ್ಟವಲ್ಲ. ಗುಟ್ಟು ಇರುವುದು ನೆರಳಿನಲ್ಲಿ. ಸುಕ್ಕು ಎಂದರೆ ಒಂದು ಗೆರೆಯಲ್ಲ. ಅದು ಸಣ್ಣ ತಗ್ಗು, ಒಂದು ದಡದಲ್ಲಿ ಬೆಳಕು, ಇನ್ನೊಂದು ದಡದಲ್ಲಿ ನೆರಳು, ನಡುವೆ ಎರಡು ಮಧ್ಯಮ ಛಾಯೆಗಳು. ಆ ಎರಡು ಛಾಯೆಗಳನ್ನು ಒರೆಸಿ ಅಂಚನ್ನು ಒಣ ಕುಂಚದಿಂದ ಮೆತ್ತಗೆ ಮಾಡಿದರೆ ಹತ್ತು ವರ್ಷ ಮಾಯ. ನನ್ನ ಕೈ ಇದರಲ್ಲಿ ಚೆನ್ನಾಗಿ ಪಳಗಿತ್ತು, ಕೈತುಂಬ ಕೆಲಸವೂ ಇತ್ತು. ಈಗ ಇದೇ ಕೆಲಸವನ್ನು ಮೊಬೈಲ್ ಒಂದು ಒತ್ತಿಗೆ ಮಾಡುತ್ತದೆ. ಹಾಗಾಗಿ ಆ ವಿದ್ಯೆಗೆ ಬೆಲೆ ಹೋಯಿತು, ನನಗೇನೂ ಬೇಸರವಿಲ್ಲ.

ದಾರಿ ತಿರುಗಿದ್ದು ಒಬ್ಬ ಗಿರಾಕಿಯಿಂದ. ಮಧ್ಯವಯಸ್ಸಿನ ಹೆಂಗಸು. ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಕುರ್ಚಿಯಲ್ಲಿ ಕುಳಿತ ತಕ್ಷಣ ಹೇಳಿದರು: “ನನ್ನ ಹತ್ತಿರ ಇರುವ ಫೋಟೋಗಳಲ್ಲೆಲ್ಲ ಇವನ್ನು ಅಳಿಸಿದ್ದಾರೆ. ನೀವಾದರೂ ಇದ್ದ ಹಾಗೆ ಬರೆಯಿರಿ, ನೋಡೋಣ.” ಆ ‘ನೋಡೋಣ’ದಲ್ಲಿ ಒಂದು ಸವಾಲಿತ್ತು.

ನೀವು ಅಂದುಕೊಳ್ಳಬಹುದು, ಅದರಲ್ಲೇನಿದೆ, ಕಂದು ಬಳಿದು ಅಲ್ಲಲ್ಲಿ ಬಿಳಿ ಹಚ್ಚಿದರಾಯಿತು ಎಂದು. ಹಾಗೆ ಮಾಡಿದರೆ ಮುಖದ ಮೇಲೆ ಕಾಗದದ ಚೂರು ಅಂಟಿಸಿದ ಹಾಗೆ ಕಾಣುತ್ತದೆ. ಅವರ ಕೆನ್ನೆಯ ಮೇಲಿನ ಮಚ್ಚೆ ಕಿವಿಯ ಕಡೆಗೆ ಸಾಗುತ್ತಾ ನೆರಳಿಗೆ ಇಳಿಯುತ್ತಿತ್ತು. ನೆರಳಿನಲ್ಲಿದ್ದ ಆ ‘ಬಿಳಿ’, ಬೆಳಕಿನಲ್ಲಿದ್ದ ಕಂದು ಹಣೆಗಿಂತ ಕಪ್ಪಗಿತ್ತು. ಕಣ್ಣನ್ನು ಅರ್ಧ ಮುಚ್ಚಿ ನೋಡಿದಾಗ ಮಾತ್ರ ಇದು ಗೊತ್ತಾಗುತ್ತದೆ. ಇನ್ನು ಅಂಚುಗಳು. ಕೆಲವು ಕಡೆ ನಕಾಶೆಯ ಕರಾವಳಿಯ ಹಾಗೆ ಕಡಿದಿಟ್ಟಂತೆ ಸ್ಪಷ್ಟ, ಕೆಲವು ಕಡೆ ಚುಕ್ಕಿ ಚುಕ್ಕಿಯಾಗಿ ಕರಗುತ್ತಿದ್ದವು. ಮಚ್ಚೆಯೊಳಗಿನ ಚರ್ಮ ಬರೀ ಬಿಳಿಯೂ ಅಲ್ಲ. ಒಳಗಿನ ರಕ್ತದ ಗುಲಾಬಿ ಅಲ್ಲಿ ನೇರವಾಗಿ ಕಾಣುತ್ತದೆ, ಅವರು ನಕ್ಕಾಗ ಇನ್ನಷ್ಟು ಕೆಂಪೇರುತ್ತದೆ. ಆ ಚಿತ್ರ ಮುಗಿಸುವಷ್ಟರಲ್ಲಿ ನನ್ನ ಬಣ್ಣದ ಹಲಗೆ ಸಂಪೂರ್ಣ ಬದಲಾಗಿತ್ತು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, ಎಡಗೈ ಹೆಬ್ಬೆರಳಿನ ಮಚ್ಚೆಯೊಂದನ್ನು ಬಿಟ್ಟಿದ್ದೀರಿ ಎಂದರು. ಹಾಕಿಕೊಟ್ಟೆ.

ಬಣ್ಣದ ಮಾತು ಬಂತಲ್ಲ, ಒಂದು ನಿಮಿಷ ಅಡ್ಡದಾರಿ ಹಿಡಿಯುತ್ತೇನೆ. ‘ಮೈಬಣ್ಣ’ ಎಂದು ಹೆಸರು ಬರೆದ ಟ್ಯೂಬುಗಳು ಮಾರುಕಟ್ಟೆಯಲ್ಲಿ ಬಹಳ ಕಾಲದಿಂದ ಇವೆ. ಒಳಗಿರುವುದು ತಿಳಿ ಗುಲಾಬಿ. ಅಮೆರಿಕದ ಕ್ರೇಯೋಲಾ ಕಂಪನಿ ಮಕ್ಕಳ ಬಣ್ಣದ ಕಡ್ಡಿಗೆ ಇಟ್ಟಿದ್ದ ಆ ಹೆಸರನ್ನು 1962ರಲ್ಲೇ ತೆಗೆದು ಪೀಚ್ ಎಂದು ಮಾಡಿತು. ನಾನು ಆ ಟ್ಯೂಬನ್ನು ಕೊಳ್ಳುವುದೇ ಇಲ್ಲ. ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಒಂದು ತಂಪಾದ ಕೆಂಪು, ಅಲ್ಟ್ರಾಮರೀನ್, ಬಿಳಿ, ಇಷ್ಟರಲ್ಲಿ ನನಗೆ ಕಂಡ ಯಾವ ಮೈಯನ್ನೂ ಬೆರೆಸಬಹುದು. ಹಳೆಯ ಇಟಲಿಯ ಚಿತ್ರಕಾರರು ಮೈಯ ಕೆಳಪದರಕ್ಕೆ ಹಸಿರು ಮಣ್ಣಿನ ಬಣ್ಣ ಬಳಿಯುತ್ತಿದ್ದರು. ಅದರ ಮೇಲೆ ಕೆಂಪು ಕೂತಾಗ ಚರ್ಮಕ್ಕೆ ಜೀವ ಬರುತ್ತದೆ. ಮುದುಕರ ಮುಂಗೈಯ ನರಗಳನ್ನು ನೋಡಿ, ನೀಲಿ ಅನ್ನಿಸುತ್ತದೆ. ಹಲಗೆಯ ಮೇಲೆ ನೀಲಿ ಬೆರೆಸಿ ಹಚ್ಚಿದರೆ ಶಾಯಿ ಚೆಲ್ಲಿದ ಹಾಗಾಗುತ್ತದೆ. ಬೆರೆಸಬೇಕಾದದ್ದು ಬೂದು. ಬಿಸಿ ಬಣ್ಣದ ಚರ್ಮದ ಪಕ್ಕದಲ್ಲಿ ಇಟ್ಟಾಗ ಆ ಬೂದು ತಾನೇ ನೀಲಿಯಾಗುತ್ತದೆ.

ತೊನ್ನಿನ ಚಿತ್ರದ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ತಮ್ಮನ್ನು ತಿದ್ದದೆ ಬರೆಯುವವರು ಬೇಕೆಂದು ಜನ ಬರತೊಡಗಿದರು. ಬಹಳ ದಪ್ಪಗಿದ್ದ ಗಂಡಸೊಬ್ಬರು ಬಂದು, ಅಂಗಿ ತೆಗೆದು ಸ್ಟೂಲಿನ ಮೇಲೆ ಕುಳಿತರು. ಅವರ ದೇಹ ನನಗೆ ಕಲಿಸಿದ್ದನ್ನು ಯಾವ ಪ್ಲಾಸ್ಟರ್ ಮೂರ್ತಿಯೂ ಕಲಿಸಿರಲಿಲ್ಲ. ಹೊಟ್ಟೆಯ ಒಂದು ಮಡಿಕೆ ಇನ್ನೊಂದರ ಮೇಲೆ ಕುಳಿತುಕೊಳ್ಳುವ ಜಾಗದಲ್ಲಿ ನೆರಳು ಕಪ್ಪಗಿರುವುದಿಲ್ಲ, ಕೆಂಪಗಿರುತ್ತದೆ. ಎರಡು ಚರ್ಮಗಳು ಎದುರುಬದುರಾದಾಗ ಬೆಳಕು ಒಂದರಿಂದ ಇನ್ನೊಂದಕ್ಕೆ ಪುಟಿದು ಪುಟಿದು ಚರ್ಮದ ಬಣ್ಣವನ್ನೇ ಹೊತ್ತು ಬರುತ್ತದೆ. ಅಲ್ಲಿ ಕಪ್ಪು ತುಂಬಿದರೆ ಮಡಿಕೆ ಬಿರುಕಾಗುತ್ತದೆ. ಕೆಂಪು ಕಂದು ತುಂಬಿದರೆ ಬೆಚ್ಚಗಾಗುತ್ತದೆ. ಬಸಿರಿನ ಗೆರೆಗಳೂ ಹೀಗೆಯೇ. ಅವು ಎಲ್ಲೆಂದರಲ್ಲಿ ಓಡುವುದಿಲ್ಲ, ಚರ್ಮ ಎಳೆದ ದಿಕ್ಕಿಗೆ ಅಡ್ಡವಾಗಿ ಬೀಳುತ್ತವೆ. ಹಳತಾದ ಗೆರೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಹೊಲಿಗೆ ಹಾಕಿದ ಗಾಯದ ಗುರುತಿನಲ್ಲಿ ರೋಮರಂಧ್ರಗಳಿರುವುದಿಲ್ಲವಾದ್ದರಿಂದ ಅದು ಸುತ್ತಲಿನ ಚರ್ಮಕ್ಕಿಂತ ಹೆಚ್ಚು ಹೊಳೆಯುತ್ತದೆ. ಇವೆಲ್ಲ ನೋಡಿದವರಿಗೆ ಸಿಗುವ ಸಂಗತಿಗಳು. ನಾಚಿ ಕಣ್ಣು ತಿರುಗಿಸಿದವರಿಗೂ ಸಿಗುವುದಿಲ್ಲ, ‘ಆಹಾ’ ಎಂದವರಿಗೂ ಸಿಗುವುದಿಲ್ಲ.

ಇನ್ನೊಂದು ಪಾಠ ಭಾರದ್ದು. ನಿಂತ ದೇಹವನ್ನು ಬಿಡಿಸುವಾಗ ಕುತ್ತಿಗೆಯ ಗುಳಿಯಿಂದ ನೆಲಕ್ಕೆ ಒಂದು ತೂಗುಗೆರೆ ಇಳಿಬಿಡಿ, ಭಾರ ಹೊತ್ತ ಪಾದದ ಹಿಮ್ಮಡಿಯ ಹತ್ತಿರ ಅದು ಬೀಳುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಕೃತಕ ಕಾಲು ಹಾಕಿಕೊಂಡವರೊಬ್ಬರು ನಿಂತಾಗ ಆ ಗೆರೆ ಸರಿಹೊಂದಲೇ ಇಲ್ಲ. ಅವರು ಭಾರವನ್ನು ಹಂಚಿಕೊಳ್ಳುವ ರೀತಿಯೇ ಬೇರೆ. ಸೊಂಟ ಒಂದು ಕಡೆ ಸ್ವಲ್ಪ ಏರಿ, ಎದುರು ಭುಜ ಅದಕ್ಕೆ ಉತ್ತರ ಕೊಡುತ್ತಿತ್ತು. ಊರುಗೋಲು ಹಿಡಿದರೆ ಮೂರನೆಯ ಆಸರೆಯೊಂದು ಸೇರಿ ಇಡೀ ಲೆಕ್ಕ ಮತ್ತೆ ಬದಲು. ಕೊರತೆಯನ್ನು ಹುಡುಕುತ್ತಾ ನೋಡಿದವರಿಗೆ ಅಲ್ಲಿ ಇಲ್ಲದ ಕಾಲು ಕಾಣುತ್ತದೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಎಂದು ನೋಡಿದವರಿಗೆ ನಿಂತಿರುವ ಮನುಷ್ಯ ಕಾಣುತ್ತಾನೆ. ಚಿತ್ರ ಬರೆಯುವವರಿಗೆ ಎರಡನೆಯದೇ ಕೆಲಸಕ್ಕೆ ಬರುವುದು.

ಈ ವಿಷಯದಲ್ಲಿ ನನಗೆ ಗುರು ಸ್ಪೇನಿನ ವೆಲಾಸ್ಕೆಸ್. ಅವನಿದ್ದದ್ದು ನಾಲ್ಕನೆಯ ಫಿಲಿಪ್ ದೊರೆಯ ಆಸ್ಥಾನದಲ್ಲಿ. ಅಲ್ಲಿ ಕುಬ್ಜ ದೇಹದವರನ್ನು ವಿನೋದಕ್ಕೆಂದು ಇಟ್ಟುಕೊಳ್ಳುತ್ತಿದ್ದರು. ರಾಜಮನೆತನದವರ ಚಿತ್ರಗಳಲ್ಲಿ ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು, ಒಡೆಯರು ಇನ್ನಷ್ಟು ಎತ್ತರ ಕಾಣಲಿ ಎಂದು. ಸುಮಾರು 1645ರಲ್ಲಿ ವೆಲಾಸ್ಕೆಸ್ ಅವರಲ್ಲೊಬ್ಬನಾದ ಸೆಬಾಸ್ಟಿಯನ್ ದೆ ಮೋರಾನನ್ನು ಒಬ್ಬನನ್ನೇ ಬರೆದ. ಮ್ಯಾಡ್ರಿಡ್ಡಿನ ಪ್ರಾಡೋ ಸಂಗ್ರಹಾಲಯದಲ್ಲಿ ಅದು ಇದೆ. ಮೋರಾ ನೆಲದ ಮೇಲೆ ಕುಳಿತಿದ್ದಾನೆ. ಗಿಡ್ಡ ಕಾಲುಗಳು ನೇರ ನಮ್ಮ ಕಡೆಗೆ ಚಾಚಿವೆ, ಬೂಟಿನ ಅಟ್ಟೆಗಳು ಕಾಣುತ್ತವೆ. ಮುಷ್ಟಿಗಳು ಬಿಗಿದಿವೆ. ಚಿತ್ರಕಾರ ತನ್ನ ಕಣ್ಣನ್ನು ಅವನ ಕಣ್ಣಿನ ಮಟ್ಟಕ್ಕೇ ಇಳಿಸಿದ್ದರಿಂದ ನಾವು ಅವನನ್ನು ಮೇಲಿನಿಂದ ಕೆಳಗೆ ನೋಡಲಾರೆವು. ಪಕ್ಕದಲ್ಲಿ ಎತ್ತರ ಹೋಲಿಸಲು ಒಂದು ಕುರ್ಚಿಯನ್ನೂ ಇಟ್ಟಿಲ್ಲ. ಅವನು ನಗುತ್ತಿಲ್ಲ, ನಮ್ಮನ್ನು ನಗಿಸುವ ಉದ್ದೇಶವೂ ಅವನಿಗಿಲ್ಲ. ಅಲ್ಲಿ ಹೊಗಳಿಕೆ ಒಂದು ಗೆರೆಯಷ್ಟೂ ಇಲ್ಲ ಎನ್ನುವುದೇ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ.

ಏಕೆಂದರೆ ‘ವಿಭಿನ್ನ ದೇಹಗಳ ಸಂಭ್ರಮ’ ಎಂಬ ಮಾತು ಈಗ ಆಮಂತ್ರಣ ಪತ್ರಿಕೆಗಳಲ್ಲಿ ಬಹಳ ಕಾಣುತ್ತದೆ. ಇವತ್ತಿನ ಕಾರ್ಯಕ್ರಮದ ಪತ್ರಿಕೆಯಲ್ಲೂ ಇದೆ. ಸಂಭ್ರಮ ಎಂಬ ಹೆಸರಿನಲ್ಲಿ ಬರುವ ಬಹಳಷ್ಟು ಚಿತ್ರಗಳು ನನಗೆ ಸಹಿಸುವುದಿಲ್ಲ. ಕೆಲವದರಲ್ಲಿ ಎದುರಿರುವವರನ್ನು ಮರುಕ ನುಂಗಿಬಿಟ್ಟಿರುತ್ತದೆ. ಇನ್ನು ಕೆಲವದರಲ್ಲಿ ಅವರ ಬೆನ್ನಿಗೆ ಸೂರ್ಯೋದಯವನ್ನಿಟ್ಟು ಯೋಧರನ್ನಾಗಿ ಮಾಡಿರುತ್ತಾರೆ. ಕ್ಯಾನ್ಸರಿನಿಂದ ಒಂದು ಸ್ತನ ತೆಗೆಸಿಕೊಂಡಿದ್ದವರೊಬ್ಬರು ನನ್ನ ಎದುರು ಕುಳಿತಾಗ ಹೇಳಿದ್ದು ಒಂದೇ ಮಾತು: “ನನ್ನನ್ನು ಧೀರೆ ಮಾಡಬೇಡಿ. ನನಗೆ ಈಗ ನಿದ್ದೆ ಬರುತ್ತಿದೆ.” ನಿದ್ದೆ ಬಂದ ಮುಖವನ್ನೇ ಬರೆದೆ. ಎದೆಯ ಮೇಲಿನ ಹೊಲಿಗೆಯ ಗುರುತೂ ಇದೆ, ಆಕಳಿಕೆ ತಡೆದ ತುಟಿಯೂ ಇದೆ.

ಬ್ರಿಟನ್ನಿನ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಅವರ ಪ್ರಸಿದ್ಧ ಚಿತ್ರವೊಂದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1995ರದು. ಲಂಡನ್ನಿನ ಉದ್ಯೋಗ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಸೂ ಟಿಲ್ಲಿ ಎಂಬ ದಪ್ಪ ಮೈಯ ಮಹಿಳೆ ಸೋಫಾ ಮೇಲೆ ಬೆತ್ತಲೆ ಮಲಗಿ ನಿದ್ರಿಸುತ್ತಿದ್ದಾರೆ. ಬಣ್ಣವನ್ನು ಗಾರೆಯ ಹಾಗೆ ಮೆತ್ತಿದ ಅದ್ಭುತ ಚಿತ್ರ. 2008ರ ಹರಾಜಿನಲ್ಲಿ ಅದು 3 ಕೋಟಿ 36 ಲಕ್ಷ ಡಾಲರಿಗೆ ಹೋಯಿತು. ಬದುಕಿರುವ ಕಲಾವಿದರ ಕೃತಿಗಳಲ್ಲಿ ಆ ಕಾಲಕ್ಕೆ ಅದು ದಾಖಲೆ. ಚಿತ್ರವನ್ನು ಮೆಚ್ಚುತ್ತಲೇ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮಲಗಿದವರಿಗೆ ಆ ಚಿತ್ರದಲ್ಲಿ ನಮ್ಮನ್ನು ತಿರುಗಿ ನೋಡುವ ಅವಕಾಶ ಇದೆಯೇ? ಮೋರಾನಿಗೆ ಇತ್ತು. ಟಿಲ್ಲಿ ಅವರು ಚಿತ್ರದಾಚೆ ತಮ್ಮ ಮಾತನ್ನು ತಾವೇ ಗಟ್ಟಿಯಾಗಿ ಆಡಿದವರು, ಅದು ಬೇರೆ. ಕಣ್ಣು ಮುಚ್ಚಿದ ದೇಹವನ್ನು ನೋಡುವುದು ಸುಲಭ ಎನ್ನುವುದಷ್ಟೇ ನನ್ನ ತಕರಾರು.

ಇದಕ್ಕೆ ನೀವು ತಕ್ಷಣ ಒಂದು ಎದುರುದಾಹರಣೆ ಕೊಡಬಹುದು. ಅಮೆರಿಕದ ಚಿತ್ರಕಾರ್ತಿ ಆಲಿಸ್ ನೀಲ್ 1970ರಲ್ಲಿ ಬರೆದ, ಅಲ್ಲಿನದೇ ಕಲಾವಿದ ಆಂಡಿ ವಾರ್ಹಾಲ್ ಅವರ ಚಿತ್ರದಲ್ಲೂ ಕಣ್ಣು ಮುಚ್ಚಿದೆ. ನಿಜ. 1968ರಲ್ಲಿ ಗುಂಡೇಟು ತಿಂದು ಬದುಕಿದ ವಾರ್ಹಾಲ್ ಅಂಗಿಯಿಲ್ಲದೆ ಕುಳಿತಿದ್ದಾರೆ. ಹೊಟ್ಟೆಗೆ ವೈದ್ಯರ ಪಟ್ಟಿ, ಎದೆಯ ಮೇಲೆ ಹೊಲಿಗೆಯ ಗುರುತುಗಳು, ಜೋತ ಸ್ನಾಯು. ಹಿನ್ನೆಲೆಯನ್ನು ನೀಲ್ ಹಾಗೆಯೇ ಬಿಟ್ಟಿದ್ದಾರೆ, ಸೋಫಾ ಬರೀ ಗೆರೆ. ಆದರೆ ಅಲ್ಲಿ ಕಣ್ಣು ಮುಚ್ಚಿದವರು ಎಚ್ಚರವಾಗಿದ್ದಾರೆ, ಬೆನ್ನು ಬಿಗಿಯಾಗಿದೆ. ತನ್ನನ್ನು ನೋಡಲು ಕೊಟ್ಟಿದ್ದಾರೆ, ಎಷ್ಟು ಎಂದು ಅವರೇ ಗೊತ್ತುಮಾಡಿದ್ದಾರೆ. ಅದೇ ನೀಲ್, 1980ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಪಟ್ಟೆಪಟ್ಟೆ ಕುರ್ಚಿಯಲ್ಲಿ ಕುಂಚ ಹಿಡಿದು ಬೆತ್ತಲೆ ಕುಳಿತ ತಮ್ಮದೇ ಚಿತ್ರವನ್ನು ಮುಗಿಸಿದರು. ಇಳಿಬಿದ್ದ ಸ್ತನ, ಉಬ್ಬಿದ ಹೊಟ್ಟೆ, ಕನ್ನಡಕ. ಅಷ್ಟು ವರ್ಷ ಇತರರನ್ನು ಬಿಚ್ಚಿ ಕೂರಿಸಿದ್ದಕ್ಕೆ ಲೆಕ್ಕ ಚುಕ್ತಾ ಮಾಡಿದ ಹಾಗೆ ನನಗೆ ಅದು ಕಾಣುತ್ತದೆ.

ನಮ್ಮ ಭೂಪೇನ್ ಖಖ್ಖರ್ ಅವರನ್ನು ಮರೆಯಬಾರದು. ಬರೋಡಾದಲ್ಲಿ ಲೆಕ್ಕಪರಿಶೋಧಕರಾಗಿದ್ದವರು. ಸಾಮಾನ್ಯ ಗಂಡಸರ ಸಾಮಾನ್ಯ ಮೈಗಳನ್ನು, ಬೊಜ್ಜು, ನರೆ, ಬಾಗಿದ ಭುಜ, ಅವುಗಳ ನಡುವಿನ ಪ್ರೀತಿಯನ್ನೂ, ಯಾರೂ ಬರೆಯದಿದ್ದ ಕಾಲದಲ್ಲಿ ಬರೆದರು. ಕ್ಯಾನ್ಸರ್ ಬಂದ ಮೇಲೆ ಕೊನೆಯ ವರ್ಷಗಳಲ್ಲಿ ನೋವು ತಿಂದ ದೇಹವನ್ನೂ ಬಿಡದೆ ಬರೆದು 2003ರಲ್ಲಿ ಹೋದರು.

ಸ್ವಂತ ದೇಹದ ಮಾತು ಬಂದದ್ದರಿಂದ ನಿಮ್ಮಿಂದ ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಕುಳಿತಲ್ಲೇ ತಲೆ ಬಗ್ಗಿಸಿ ನಿಮ್ಮ ಮೈಯನ್ನು ನೋಡಿಕೊಳ್ಳಿ. ಎದೆ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆ ಇನ್ನೂ ದೊಡ್ಡದಾಗಿ, ಕಾಲು ಕೆಳಕ್ಕೆ ಹೋದಂತೆ ಚಿಕ್ಕದಾಗಿ. ಮುಖ ಕಾಣುವುದೇ ಇಲ್ಲ. ಆಸ್ಟ್ರಿಯಾದಲ್ಲಿ 1908ರಲ್ಲಿ ಸಿಕ್ಕ ವಿಲೆಂಡಾರ್ಫಿನ ಹೆಣ್ಣುಬೊಂಬೆಯೂ ಹಾಗೆಯೇ ಇದೆ. ಸುಣ್ಣಕಲ್ಲಿನ, ಸುಮಾರು 11 ಸೆಂಟಿಮೀಟರ್ ಎತ್ತರದ, ಸುಮಾರು ಮೂವತ್ತು ಸಾವಿರ ವರ್ಷ ಹಳೆಯದು. ಮುಖವಿಲ್ಲ, ಪಾದವಿಲ್ಲ, ತುಂಬಿದ ಎದೆ ಹೊಟ್ಟೆಗಳಿವೆ. ಇಂಥ ಬೊಂಬೆಗಳನ್ನು ಹೆಂಗಸರು ತಮ್ಮ ಮೈಯನ್ನು ತಾವೇ ಬಗ್ಗಿ ನೋಡಿಕೊಂಡು ಕೆತ್ತಿರಬಹುದು ಎಂದು ಲೆರಾಯ್ ಮ್ಯಾಕ್‌ಡರ್ಮಟ್ ಎಂಬ ವಿದ್ವಾಂಸರು 1996ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಒಪ್ಪಲೇಬೇಕೆಂದೂ ಇಲ್ಲ. ಆದರೆ ಆ ವಾದ ಓದಿದ ಮೇಲೆ ನಾನು ಕನ್ನಡಿ ಬಿಟ್ಟು, ಬಗ್ಗಿ ನೋಡಿಕೊಂಡೇ ನನ್ನ ಚಿತ್ರಗಳ ಒಂದು ಸರಣಿ ಮಾಡಿದೆ. ಕನ್ನಡಿಯಲ್ಲಿ ಕಾಣುವುದು ಇತರರಿಗೆ ಕಾಣುವ ನಾನು. ಬಗ್ಗಿದಾಗ ಕಾಣುವ ಹೊಟ್ಟೆಗೆ ಏಳೂವರೆ ತಲೆಯ ಹಂಗಿಲ್ಲ, ಅಲ್ಲಿ ತಲೆಯೇ ಇಲ್ಲವಲ್ಲ!

ಜರ್ಮನಿಯ ಚಿತ್ರಕಾರ್ತಿ ಪೌಲಾ ಮೋಡರ್‌ಸೋನ್ ಬೆಕರ್ 1906ರ ಮೇ 25ರಂದು, ತಮ್ಮ ವಿವಾಹ ವಾರ್ಷಿಕೋತ್ಸವದ ದಿನ, ಸೊಂಟದವರೆಗೆ ಬೆತ್ತಲೆ ನಿಂತು, ಉಬ್ಬಿದ ಹೊಟ್ಟೆಯನ್ನು ಕೈಗಳಿಂದ ಬಳಸಿದ ತಮ್ಮ ಚಿತ್ರ ಬರೆದರು. ಆಗ ಅವರು ಬಸುರಿಯಾಗಿರಲಿಲ್ಲ. ಮುಂದಿನ ವರ್ಷ ಮಗಳನ್ನು ಹೆತ್ತು ಕೆಲವೇ ವಾರಗಳಲ್ಲಿ, 31ರ ವಯಸ್ಸಿನಲ್ಲಿ ತೀರಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಎನ್ನುವ ನನ್ನ ಹಟಕ್ಕೆ ಈ ಚಿತ್ರ ಒಗ್ಗುವುದಿಲ್ಲ. ಒಬ್ಬರು ತಮ್ಮ ಮೈ ಹೇಗಿರಬೇಕೆಂದು ತಾವೇ ಊಹಿಸಿಕೊಂಡರೆ ಅದಕ್ಕೂ ಜಾಗ ಬೇಕು. ಲಿಂಗ ಪರಿವರ್ತನೆಯ ದಾರಿಯಲ್ಲಿದ್ದ ತರುಣರೊಬ್ಬರು, ಶಸ್ತ್ರಚಿಕಿತ್ಸೆಯ ನಂತರ ತಮ್ಮ ಎದೆ ಹೇಗಿರುತ್ತದೋ ಹಾಗೆ ಬರೆಯಿರಿ ಎಂದು ಕೇಳಿದಾಗ ಪೌಲಾ ನೆನಪಾದರು. ಅವರು ಹೇಳಿದಂತೆಯೇ ಬರೆದೆ.

ಹಾಗಾದರೆ ಚಿತ್ರದಲ್ಲಿ ಜೋಲುಗದ್ದ ತೆಗೆಸಿದ ಹಳೆಯ ಗಿರಾಕಿಗೂ ಈ ತರುಣರಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು, ಕೇಳಲೇಬೇಕು. ನನ್ನ ಉತ್ತರ ಪೂರ್ತಿ ಗಟ್ಟಿಯಾಗಿಲ್ಲ. ಜೋಲುಗದ್ದ ಬೇಡ ಎಂದವರಲ್ಲಿ ಹೆಚ್ಚಿನವರು ನೆಂಟರಿಗೆ ಹೆದರಿ ಹಾಗೆಂದಿದ್ದರು, ತರುಣರು ನೆಂಟರನ್ನು ಎದುರು ಹಾಕಿಕೊಂಡು ಕೇಳಿದರು. ಸದ್ಯಕ್ಕೆ ಇಷ್ಟು ಸಾಕಾಗಿದೆ ನನಗೆ.

ಕೊನೆಗೆ ಕೆಲಸದ ಮಾತು. ಚಿತ್ರಶಾಲೆಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ತೂಗುಹಾಕುತ್ತಾರೆ. ನಿಂತವರ ಕಣ್ಣಿಗೆ ಅದು ಸರಿ. ಗಾಲಿಕುರ್ಚಿಯಲ್ಲಿ ಬಂದವರು ಕತ್ತೆತ್ತಿ ನೋಡಬೇಕು, ಗಾಜು ಹಾಕಿದ ಚಿತ್ರವಾದರೆ ದೀಪದ ಪ್ರತಿಬಿಂಬ ಮಾತ್ರ ಕಾಣುತ್ತದೆ. ನನ್ನ ಪ್ರದರ್ಶನಗಳಲ್ಲಿ ಈಗ ಅರ್ಧದಷ್ಟು ಚಿತ್ರಗಳನ್ನು 120ಕ್ಕೆ ಇಳಿಸಿದ್ದೇನೆ. ನಿಂತವರು ಬಗ್ಗಲಿ. ಇಲ್ಲಿ ಹೊರಗೆ ತೂಗುಹಾಕಿರುವುದೂ ಹಾಗೆಯೇ. ಮೊಳೆ ಹೊಡೆದವರು ನನ್ನನ್ನು ಬೈದುಕೊಂಡಿದ್ದಾರೆ.

ನಿಮ್ಮಲ್ಲಿ ಯಾರಿಗಾದರೂ ನನ್ನ ಎದುರು ಕುಳಿತುಕೊಳ್ಳುವ ಮನಸ್ಸಿದ್ದರೆ ಕರಾರುಗಳನ್ನು ಈಗಲೇ ಹೇಳಿಬಿಡುತ್ತೇನೆ. ಬಟ್ಟೆ ಎಷ್ಟು ಇರಬೇಕು ಎನ್ನುವುದು ನಿಮ್ಮ ಇಷ್ಟ, ನಡುವೆ ಮನಸ್ಸು ಬದಲಾದರೆ ಅದೂ ನಿಮ್ಮ ಇಷ್ಟ. ಭಂಗಿಯನ್ನು ನಾನು ಹೇಳುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹೇಗೆ ಕುಳಿತುಕೊಳ್ಳುತ್ತೀರೋ ಹಾಗೆ ಕುಳಿತರೆ ನನಗೆ ಅನುಕೂಲ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು, ಬೆನ್ನುನೋವಿದ್ದವರಿಗೆ ಹತ್ತಕ್ಕೇ. ಕ್ಯಾನ್ವಾಸನ್ನು ಯಾವಾಗ ಬೇಕಾದರೂ ಬಂದು ನೋಡಬಹುದು. ಪ್ರದರ್ಶನಕ್ಕೆ ಇಡಬೇಕೋ ಬೇಡವೋ ಎಂದು ಚಿತ್ರ ಮುಗಿದ ಮೇಲೆ ನಿರ್ಧರಿಸೋಣ, ಮೊದಲೇ ಸಹಿ ಹಾಕಿಸಿಕೊಳ್ಳುವುದಿಲ್ಲ. ಶೀರ್ಷಿಕೆ ನಿಮ್ಮದು. ಕೆಲಸದ ಕೋಣೆ ನೆಲಮಹಡಿಯಲ್ಲಿದೆ, ಮೆಟ್ಟಿಲಿಲ್ಲ, ಕೈಯಿಲ್ಲದ ಅಗಲವಾದ ಕುರ್ಚಿಯೂ ಇದೆ. ಹೆಸರು ಬರೆಸುವವರಿಗೆ ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇನೆ.